ಇಪ್ಪತ್ಮೂರನೇ ಕಿಕ್

2024ರ ಫೆಬ್ರವರಿ 8, ಗುರುವಾರ. ಢಾಕಾದ ಕಮಲಾಪುರ ಸ್ಟೇಡಿಯಂನಲ್ಲಿ 19 ವರ್ಷದೊಳಗಿನ ಹುಡುಗಿಯರ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಸ್ಯಾಫ್ ಅಂದ್ರೆ ದಕ್ಷಿಣ ಏಷ್ಯಾ ಫುಟ್ಬಾಲ್ ಒಕ್ಕೂಟ. ಆಡಿದ್ದು ಭಾರತ ಮತ್ತು ಬಾಂಗ್ಲಾದೇಶ. ಮಾರನೇ ದಿನ ಬೆಳಿಗ್ಗೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಈ ಫೈನಲ್‌ನ ಒಂದು ಚಿಕ್ಕ ಕ್ಲಿಪ್ ಬಂತು. ಮೈದಾನದ ಮಧ್ಯೆ ಟಾಸ್ ಹಾಕ್ತಾರೆ, ಭಾರತದ ಹುಡುಗಿಯರು ಓಡಿ ಬಂದು ಒಬ್ಬರನ್ನೊಬ್ಬರು ತಬ್ಬಿಕೊಳ್ತಾರೆ, ಬಾಂಗ್ಲಾ ಹುಡುಗಿಯರು ಏನಾಯ್ತು ಅಂತ ಗೊತ್ತಾಗದೆ ನಿಂತಿರ್ತಾರೆ. ಅದರ ಕೆಳಗೆ ನಮ್ಮವರ ಕಾಮೆಂಟು: "ಗಲ್ಲಿ ಕ್ರಿಕೆಟ್ ಲೆವೆಲ್ ಗುರು ಇದು." "ಶೋಲೆ ಕಾಯಿನ್ ಇರ್ಬೇಕು ಮಗಾ." ಆಮೇಲೆ ಒಂದು ಸಾಲು ನಗುವ ಮುಖಗಳು.

ಆ ಗ್ರೂಪಿನಲ್ಲಿ ಇಡೀ ಪಂದ್ಯ ನೋಡಿದವರು ಯಾರೂ ಇರಲಿಲ್ಲ. ನಡೆದದ್ದು ಹೀಗೆ. 8ನೇ ನಿಮಿಷದಲ್ಲಿ ಶಿಬಾನಿ ದೇವಿ ಭಾರತಕ್ಕೆ ಗೋಲು ಹೊಡೆದಳು. 90 ನಿಮಿಷ ಮುಗಿದು ಕೊನೆಯ ಹೆಚ್ಚುವರಿ ನಿಮಿಷಗಳು ನಡೀತಿದ್ದಾಗ ಬಾಂಗ್ಲಾದ ಸಾಗರಿಕಾ ಸಮ ಮಾಡಿದಳು. ಅಲ್ಲಿಂದ ಸೀದಾ ಪೆನಾಲ್ಟಿ ಶೂಟೌಟ್. ಎರಡೂ ಕಡೆಯ ಹನ್ನೊಂದು ಹುಡುಗಿಯರೂ ಒದ್ದರು, ಗೋಲ್‌ಕೀಪರ್‌ಗಳೂ ಒದ್ದರು, ಒಂದೂ ತಪ್ಪಲಿಲ್ಲ. 11-11. ಒಟ್ಟು 22 ಕಿಕ್, 22 ಗೋಲು.

ಈ ಸಂಖ್ಯೆಯನ್ನ ಸ್ವಲ್ಪ ನಿಧಾನವಾಗಿ ನೋಡಿ. ಇಪ್ಪತ್ತು ವರ್ಷ ತುಂಬದ ಹುಡುಗಿಯರು. ಒಂದು ತಂಡಕ್ಕೆ ತುಂಬಿದ ಸ್ಟೇಡಿಯಂ ಜೊತೆಗಿದೆ, ಇನ್ನೊಂದಕ್ಕೆ ಅದೇ ಸ್ಟೇಡಿಯಂ ಎದುರಿಗಿದೆ. ಐದು ಕಿಕ್ ಆದ ಮೇಲೆ ಒಬ್ಬಳು ತಪ್ಪಿದರೆ, ಇನ್ನೊಬ್ಬಳು ಹೊಡೆದರೆ, ಅಲ್ಲಿಗೆ ಮುಗೀತು. ಆ ಕತ್ತಿಯಂಚಿನಲ್ಲಿ ಆರು ಸುತ್ತು ಹೋದರು. 2021ರ ಯೂರೋಪಾ ಲೀಗ್ ಫೈನಲ್ ನೆನಪಿರಬಹುದು, ವಿಯಾರಿಯಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್. ಅದೂ 22ನೇ ಕಿಕ್‌ವರೆಗೆ ಹೋಗಿತ್ತು, ಕೊನೆಯದನ್ನ ಯುನೈಟೆಡ್ ಗೋಲ್‌ಕೀಪರ್ ಡಿ ಹೇಯಾ ಕೈಚೆಲ್ಲಿದರು. ನಮ್ಮ ಆಫೀಸಿನಲ್ಲಿ ಯುನೈಟೆಡ್ ಜೆರ್ಸಿ ಹಾಕ್ಕೊಂಡು ಬರೋರು ವಾರಗಟ್ಟಲೆ ಆ ದುಃಖ ಹೇಳ್ಕೊಂಡು ಓಡಾಡಿದ್ರು. ಢಾಕಾದಲ್ಲಿ ಆ 22ನೆಯದೂ ಗೋಲಾಯಿತು. ಇದರ ಬಗ್ಗೆ ನಮಗೆ ಸಿಕ್ಕಿದ್ದು ಒಂದು ನಾಣ್ಯದ ಕ್ಲಿಪ್.

ಫುಟ್ಬಾಲ್ ನಿಯಮದಲ್ಲಿ ಈ ಜಾಗಕ್ಕೆ ಉತ್ತರ ಇದೆ, ಅದರಲ್ಲಿ ಗೊಂದಲವೇ ಇಲ್ಲ. ಹನ್ನೊಂದೂ ಜನ ಒದ್ದ ಮೇಲೆ ಮತ್ತೆ ಮೊದಲಿಂದ ಶುರು. ಬೇಕಿದ್ದರೆ ಆಟಗಾರರ ಸರದಿ ಬದಲಾಯಿಸಬಹುದು. ಇಬ್ಬರೂ ಒಂದೇ ಸಂಖ್ಯೆಯ ಕಿಕ್ ಒದ್ದಾಗ ಒಬ್ಬರಿಗೆ ಒಂದು ಗೋಲು ಜಾಸ್ತಿ ಆಗೋವರೆಗೂ ನಿಲ್ಲೋ ಹಾಗಿಲ್ಲ. ಶೂಟೌಟ್‌ನಲ್ಲಿ ನಾಣ್ಯದ ಕೆಲಸ ಮುಗಿಯೋದು ಶುರುವಿನಲ್ಲೇ: ಯಾವ ಗೋಲಿನ ಕಡೆ ಒದೆಯಬೇಕು, ಯಾರು ಮೊದಲು ಒದೆಯಬೇಕು, ಅಷ್ಟೇ. ಯಾರು ಗೆದ್ದರು ಅಂತ ಹೇಳೋ ಕೆಲಸವನ್ನ ನಾಣ್ಯದಿಂದ ಕಿತ್ತುಕೊಂಡು ಅರ್ಧ ಶತಮಾನ ದಾಟಿದೆ. 1968ರ ಯೂರೋ ಸೆಮಿಫೈನಲ್‌ನಲ್ಲಿ ಇಟಲಿ ಮತ್ತು ಸೋವಿಯತ್ ಯೂನಿಯನ್ ಗೋಲಿಲ್ಲದೆ ಸಮ ಆದಾಗ ನಾಣ್ಯ ಹಾರಿಸಿದ್ದರು, ಇಟಲಿ ಫೈನಲ್‌ಗೆ ಹೋಯ್ತು. ಇಂಥದ್ದು ಸಾಕಾಗಿಯೇ 1970ರಲ್ಲಿ ಪೆನಾಲ್ಟಿ ಶೂಟೌಟ್ ನಿಯಮದೊಳಗೆ ಬಂತು. ಶೂಟೌಟ್ ಹುಟ್ಟಿದ್ದೇ ನಾಣ್ಯವನ್ನ ಆಚೆ ಕಳಿಸೋಕೆ. ಢಾಕಾದಲ್ಲಿ ಶೂಟೌಟ್ ನಿಲ್ಲಿಸಿ ನಾಣ್ಯವನ್ನ ಒಳಗೆ ಕರೆದರು.

ಹನ್ನೆರಡನೇ ಸುತ್ತು ಅನ್ನೋದು ಪುಸ್ತಕದಲ್ಲಿ ಮಾತ್ರ ಇರೋದಲ್ಲ. 1992ರ ಆಫ್ರಿಕಾ ಕಪ್ ಫೈನಲ್‌ನಲ್ಲಿ ಐವರಿ ಕೋಸ್ಟ್ ಮತ್ತು ಘಾನಾ ಹನ್ನೊಂದು ಸುತ್ತು ಮುಗಿಸಿ ಹನ್ನೆರಡನೆಯದಕ್ಕೆ ಹೋದವು. 11-10ಕ್ಕೆ ಐವರಿ ಕೋಸ್ಟ್ ಗೆದ್ದಿತು. ಆ ರಾತ್ರಿ ಯಾರೂ ಜೇಬಿಗೆ ಕೈ ಹಾಕಲಿಲ್ಲ.

ವರದಿಗಳ ಪ್ರಕಾರ ಢಾಕಾದ ರೆಫರಿ ಕೂಡ ಶೂಟೌಟ್ ಮುಂದುವರಿಸೋಕೆ ತಯಾರಾಗಿದ್ದರು. ಟಾಸ್ ಅಂದಿದ್ದು ಮ್ಯಾಚ್ ಕಮಿಷನರ್. ಕಮಿಷನರ್ ಅಂದ್ರೆ ವ್ಯವಸ್ಥೆ ನೋಡಿಕೊಳ್ಳೋ ಅಧಿಕಾರಿ. ಆಟದ ವಿಷಯದಲ್ಲಿ ಮಾತು ನಡೀಬೇಕಾದ್ದು ರೆಫರಿಯದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಸರಿಯಾಗಿ ಓಡ್ತಾ ಇರುವಾಗ ಮ್ಯಾನೇಜರ್ ಬಂದು ಸರ್ವರ್ ಪ್ಲಗ್ ಕಿತ್ತ ಹಾಗೆ. ಭಾರತದ ನಾಯಕಿ ಟಾಸ್ ಗೆದ್ದಳು. ಬಾಂಗ್ಲಾ ತಂಡ ಒಪ್ಪಲಿಲ್ಲ, ಸ್ಟ್ಯಾಂಡಿನಿಂದ ಬಾಟಲಿಗಳು ಬಿದ್ದವು. ಆಮೇಲೆ ಕಮಿಷನರ್ ತಮ್ಮ ತೀರ್ಮಾನ ಹಿಂದಕ್ಕೆ ತಗೊಂಡು ಶೂಟೌಟ್ ಮುಂದುವರಿಸೋಣ ಅಂದರು. ಆಗ ಭಾರತ ಒಪ್ಪಲಿಲ್ಲ, ಮೈದಾನ ಬಿಟ್ಟು ಹೋಯ್ತು. ಬಹಳ ಹೊತ್ತಿನ ಮಾತುಕತೆ ಆಗಿ ಕೊನೆಗೆ ಬಂದ ತೀರ್ಪು: ಜಂಟಿ ಚಾಂಪಿಯನ್ನರು.

ಈ ತೀರ್ಪನ್ನ ಬಹಳ ಜನ ಮೆಚ್ಚಿಕೊಂಡರು. ಇಬ್ಬರೂ ಚೆನ್ನಾಗಿ ಆಡಿದ್ರು, ಇಬ್ಬರಿಗೂ ಕೊಟ್ಟರೆ ಯಾರಿಗೂ ಬೇಜಾರಿಲ್ಲ, ಮಕ್ಕಳು ತಾನೇ ಅಂತ. ನನ್ನ ತಕರಾರು ಇರೋದೇ ಇಲ್ಲಿ. ಆ ರಾತ್ರಿ ಅಲ್ಲಿದ್ದವರ ಕಷ್ಟ ಅರ್ಥ ಆಗತ್ತೆ. ಜನ ರೊಚ್ಚಿಗೆದ್ದಿದ್ದಾರೆ, ಹುಡುಗಿಯರನ್ನ ಸುರಕ್ಷಿತವಾಗಿ ಹೊರಗೆ ಕಳಿಸಬೇಕು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ ಅಂತಲೇ ಇಟ್ಕೊಳ್ಳೋಣ. ಆದರೆ ಅದು ಉದಾರತೆ ಅಲ್ಲ. ಅಧಿಕಾರಿ ಮಾಡಿದ ತಪ್ಪಿನ ಬಿಲ್ಲನ್ನ 22 ಹುಡುಗಿಯರ ಮಧ್ಯೆ ಹಂಚಿದ್ದು. ಅವರು ಕೇಳಿದ್ದು ಅರ್ಧ ಕಪ್ ಅಲ್ಲ. ಭಾರತದವರು 'ನೀವೇ ಹೇಳಿದ ಟಾಸ್ ನಾವು ಗೆದ್ದಿದ್ದೀವಿ' ಅಂದರು, ಬಾಂಗ್ಲಾದವರು 'ಟಾಸೇ ತಪ್ಪು' ಅಂದರು. ಅವರವರು ನಿಂತ ಜಾಗದಿಂದ ನೋಡಿದರೆ ಎರಡೂ ನ್ಯಾಯವಾದ ಮಾತೇ. ಇಬ್ಬರನ್ನೂ ಆ ಜಾಗದಲ್ಲಿ ತಂದು ನಿಲ್ಲಿಸಿದ್ದು ನಿಯಮ ಮರೆತವರು.

ನಮ್ಮಕ್ಕನ ಒಂದು ಮಾತು ಹೇಳ್ತೀನಿ. ನಮ್ಮೂರು ತುಮಕೂರು ಕಡೆಯ ಒಂದು ಹಳ್ಳಿ. ಅಕ್ಕ ಏಳನೇ ಕ್ಲಾಸಲ್ಲಿ ಶಾಲೆಯ ಖೋಖೋ ಟೀಮಲ್ಲಿದ್ದಳು. ಹಳ್ಳಿ ಶಾಲೇಲಿ ಓದಿದವರಿಗೆ ಈ ಏಣಿ ಗೊತ್ತಿರತ್ತೆ: ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಆಮೇಲೆ ವಿಭಾಗ, ರಾಜ್ಯ. ಹೋಬಳಿ ಕ್ರೀಡಾಕೂಟ ಅಂದ್ರೆ ಬೆಳಿಗ್ಗೆ ಅತಿಥಿಗಳ ಭಾಷಣ, ಆಮೇಲೆ ಹುಡುಗರ ಕಬಡ್ಡಿ, ಹುಡುಗರ ವಾಲಿಬಾಲ್, ಊಟ, ಓಟದ ಪಂದ್ಯಗಳು. ಹುಡುಗಿಯರ ಫೈನಲ್‌ಗಳಿಗೆ ಸಿಗ್ತಿದ್ದದ್ದು ಉಳಿದ ಹೊತ್ತು. ಆ ವರ್ಷ ಅಕ್ಕನ ಖೋಖೋ ಫೈನಲ್ ಸಮ ಆಯ್ತು. ಇನ್ನೊಂದು ಇನ್ನಿಂಗ್ಸ್ ಆಡಿಸಬೇಕು. ಪಿ.ಟಿ. ಮೇಷ್ಟ್ರು ಆಕಾಶ ನೋಡಿದರು. "ಹೊತ್ತಾಯ್ತು, ಹೆಣ್ಮಕ್ಳು ಬಸ್ಸಿಗೆ ಹೋಗ್ಬೇಕು" ಅಂದು ಜೇಬಿಂದ ಒಂದು ರೂಪಾಯಿ ತೆಗೆದು ಮೇಲಕ್ಕೆ ಹಾರಿಸಿದರು. ಅಕ್ಕನ ಟೀಮಿಗೆ ತಾಲ್ಲೂಕು ಮಟ್ಟ ತಪ್ಪಿತು.

ಮೇಷ್ಟ್ರು ಕೆಟ್ಟವರಲ್ಲ. ಕೊನೇ ಬಸ್ಸು ತಪ್ಪಿದ್ರೆ ಆ ಹುಡುಗಿಯರ ಮನೆಗಳಲ್ಲಿ ಮುಂದಿನ ವರ್ಷ ಯಾರೂ ಕಳಿಸ್ತಿರಲಿಲ್ಲ. ಆದರೆ ಹುಡುಗರ ವಾಲಿಬಾಲ್ ಸಮ ಆಗಿದ್ರೆ ಅವರು ಆಕಾಶ ನೋಡ್ತಿರಲಿಲ್ಲ, ಇನ್ನೊಂದು ಸೆಟ್ ಆಡಿಸ್ತಿದ್ದರು. ಅಕ್ಕನಿಗೆ ಈಗ ಎರಡು ಮಕ್ಕಳು. ಢಾಕಾದ ಕಥೆ ಫೋನಲ್ಲಿ ಹೇಳಿದಾಗ ನಗಲಿಲ್ಲ. "ಸೋತಿದ್ರೆ ಯಾವತ್ತೋ ಮರ್ತುಬಿಡ್ತಿದ್ದೆ ಕಣೋ" ಅಂದಳು. "ನಾವು ಸೋಲ್ಲೇ ಇಲ್ವಲ್ಲ."

ಢಾಕಾ ಆಗಿ ಒಂದೇ ತಿಂಗಳಿಗೆ, 2024ರ ಮಾರ್ಚ್ 10ಕ್ಕೆ, ನೇಪಾಳದ ಲಲಿತ್‌ಪುರದಲ್ಲಿ 16 ವರ್ಷದೊಳಗಿನವರ ಸ್ಯಾಫ್ ಫೈನಲ್ ನಡೀತು. ಮತ್ತೆ ಭಾರತ, ಬಾಂಗ್ಲಾದೇಶ. ಮತ್ತೆ 1-1, ಮತ್ತೆ ಪೆನಾಲ್ಟಿ. ಈ ಸಲ ಶೂಟೌಟ್ ತನ್ನ ಪಾಡಿಗೆ ತಾನು ಮುಗಿಯಿತು, ಬಾಂಗ್ಲಾ 3-2ಕ್ಕೆ ಗೆದ್ದಿತು. ನಮ್ಮ ಹುಡುಗಿಯರು ಸೋತರು. ಅಕ್ಕನ ಲೆಕ್ಕದಲ್ಲಿ ಇವರು ಅದೃಷ್ಟವಂತರು. ಮರೆಯೋಕೆ ಅವರಿಗೆ ಒಂದು ಸರಿಯಾದ ಸೋಲು ಸಿಕ್ಕಿತು.

ನಾಣ್ಯ ಆ ರಾತ್ರಿ ಆಕಾಶದಿಂದ ಬೀಳಲಿಲ್ಲ. ಈ ಟೂರ್ನಿಯನ್ನ ನಡೆಸೋ ರೀತಿಯಲ್ಲೇ ಒಂದು ಸಡಿಲ ಇದೆ. ಮೊದಲು ಹೆಸರನ್ನೇ ನೋಡಿ. ಚಿಕ್ಕ ವಯಸ್ಸಿನವರ ಟೂರ್ನಿ 2017ರಿಂದ 2022ರವರೆಗೆ ಅಂಡರ್ 15. 2023ರಲ್ಲಿ ಅಂಡರ್ 17, 2024ರಲ್ಲಿ 16, 2025ರಲ್ಲಿ ಮತ್ತೆ 17. ದೊಡ್ಡವರದ್ದು 2018ರಲ್ಲಿ 18, ಆಮೇಲೆ 19, ಮತ್ತೆ 18, ಆಮೇಲೆ 20, 19, ಮತ್ತೆ 20. ಏಷ್ಯಾ ಮಟ್ಟದ ಟೂರ್ನಿಗಳು ಎರಡು ವರ್ಷಕ್ಕೊಮ್ಮೆ ಬರ್ತಿದ್ದರಿಂದ ಆ ಚಕ್ರಕ್ಕೆ ಹೊಂದಿಸಿಕೊಳ್ಳೋಕೆ ವಯಸ್ಸು ಹೀಗೆ ಮೇಲೆ ಕೆಳಗೆ ಆಗೋದು ಒಂದು ಮಟ್ಟಿಗೆ ಸರಿಯೇ. ಆದರೆ ವರ್ಷನ್ ನಂಬರ್ ಹೀಗೆ ಹಿಂದೆ ಮುಂದೆ ಓಡೋ ಸಾಫ್ಟ್‌ವೇರನ್ನ ಯಾರು ಫಾಲೋ ಮಾಡ್ತಾರೆ? ಕಳೆದ ವರ್ಷದ ಕಪ್ಪೂ ಈ ವರ್ಷದ ಕಪ್ಪೂ ಒಂದೇನಾ ಬೇರೆನಾ ಅಂತ ನೋಡುವವನಿಗೆ ಗೊತ್ತಾಗಲ್ಲ. ಗೊತ್ತಾಗದಿದ್ದರೆ ದಾಖಲೆ ಬೆಳೆಯಲ್ಲ, ಸೇಡು ಬೆಳೆಯಲ್ಲ, ಕಥೆ ಬೆಳೆಯಲ್ಲ. ಕಥೆ ಇಲ್ಲದೆ ಜನ ಟೂರ್ನಿ ನೋಡಲ್ಲ.

ಇನ್ನು ತಂಡಗಳು. 2022ರಲ್ಲಿ ಜಮ್ಶೆಡ್‌ಪುರದಲ್ಲಿ ಆಡಿದ್ದು ಮೂರೇ ತಂಡ. ಭಾರತ ಮತ್ತು ಬಾಂಗ್ಲಾ ಪಾಯಿಂಟ್‌ನಲ್ಲಿ ಸಮ ಆಗಿ, ಗೋಲುಗಳ ವ್ಯತ್ಯಾಸದಲ್ಲಿ ಭಾರತಕ್ಕೆ ಕಪ್ ಬಂತು. 2023ರ ಅಂಡರ್ 17ಕ್ಕೆ ರಷ್ಯಾವನ್ನ ಅತಿಥಿಯಾಗಿ ಕರೆದರು. ಅತಿಥಿ ಬಂದು ಕಪ್ ಎತ್ಕೊಂಡು ಹೋದರು. 2024ರ ಢಾಕಾ ಟೂರ್ನಿಯಲ್ಲಿ ನಾಲ್ಕು ತಂಡ, ಮೊದಲ ದಿನವೇ ಭಾರತ 10, ಭೂತಾನ್ 0. ಹತ್ತು ಗೋಲು ತಿಂದ ಹುಡುಗಿ ಅದರಿಂದ ಏನು ಕಲಿತಾಳೆ? ಹತ್ತು ಹೊಡೆದವಳು ತಾನೇ ಏನು ಕಲಿತಾಳೆ?

ಹಾಗಂತ ಈ ಟೂರ್ನಿ ಬೇಡ ಅನ್ನೋ ಮಾತಿಲ್ಲ. ಬಾಂಗ್ಲಾದ ಮೈಮನ್‌ಸಿಂಗ್ ಜಿಲ್ಲೆಯಲ್ಲಿ ಕೊಲ್ಸಿಂದೂರ್ ಅಂತ ಒಂದು ಹಳ್ಳಿ ಇದೆ. ಅಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಹುಡುಗಿಯರು ಪ್ರಾಥಮಿಕ ಶಾಲೆಗಳ ಫುಟ್ಬಾಲ್ ಟೂರ್ನಿಯಲ್ಲಿ ಆಡಿ ಗೆದ್ದರು. ಅಲ್ಲಿಂದ ಒಬ್ಬಳಲ್ಲ ಇಬ್ಬರಲ್ಲ, ಒಂದು ಗುಂಪೇ ದೇಶದ ತಂಡಗಳಿಗೆ ಹೋಯ್ತು. ಬಾಂಗ್ಲಾ 2017ರಲ್ಲಿ ಅಂಡರ್ 15 ಸ್ಯಾಫ್ ಗೆದ್ದಿತು, 2018ರಲ್ಲಿ ಅಂಡರ್ 18. 2022 ಮತ್ತು 2024ರಲ್ಲಿ ಕಠ್ಮಂಡುವಿನಲ್ಲಿ ಹಿರಿಯರ ಸ್ಯಾಫ್ ಕಪ್ಪನ್ನೇ ಗೆದ್ದಿತು. 2025ರಲ್ಲಿ ಮೊದಲ ಸಲ ಮಹಿಳೆಯರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಈ ಏಣಿಯ ಕೆಳಗಿನ ಮೆಟ್ಟಿಲುಗಳು ಇಂಥ ಕಿರಿಯರ ಟೂರ್ನಿಗಳೇ. ಹೋಬಳಿ ಮಟ್ಟದಲ್ಲಿ ಟಾಸ್ ಹಾಕಿದರೆ ರಾಜ್ಯ ಮಟ್ಟಕ್ಕೆ ಯಾರನ್ನ ಕಳಿಸ್ತೀರಿ?

ನಾನು ಬಾಡಿಗೆಗಿರೋದು ನಗರ್ತಪೇಟೆಯಲ್ಲಿ, ಹಳೇ ಕಟ್ಟಡದ ಮೂರನೇ ಮಹಡಿ. ಹಡ್ಸನ್ ಸರ್ಕಲ್ ದಾಟಿದರೆ ಕಂಠೀರವ ಸ್ಟೇಡಿಯಂ, ನಡೆದೇ ಹೋಗಬಹುದು. 2023ರಲ್ಲಿ ಗಂಡಸರ ಸ್ಯಾಫ್ ಕಪ್ ಅಲ್ಲೇ ನಡೆದಾಗ ನಡೆದೇ ಹೋಗಿದ್ದೆ. ಜುಲೈ 4ರ ಫೈನಲ್‌ನಲ್ಲಿ ಭಾರತ, ಕುವೈತ್ 1-1. ಶೂಟೌಟ್ ಆರನೇ ಸುತ್ತಿಗೆ ಹೋಗಿ, ಗುರ್‌ಪ್ರೀತ್ ಕೊನೆಯ ಕಿಕ್ ತಡೆದು 5-4ಕ್ಕೆ ಗೆದ್ದಾಗ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡದೆ ಎಲ್ಲರೂ ತಬ್ಬಿಕೊಂಡಿದ್ದರು. ಆ ಶೂಟೌಟ್ ಮೂವತ್ತು ಸುತ್ತು ಹೋಗಿದ್ರೂ ನಾವು ಕಾಯ್ತಿದ್ದೆವು, ಕೊನೇ ಮೆಟ್ರೋ ಹೋದರೂ ಕಾಯ್ತಿದ್ದೆವು. ಕಿರಿಯ ಹುಡುಗಿಯರ ಸ್ಯಾಫ್ 2025ರವರೆಗೆ ಢಾಕಾ, ಥಿಂಪು, ಲಲಿತ್‌ಪುರ, ಜಮ್ಶೆಡ್‌ಪುರ ಸುತ್ತಿದೆ. ಕಂಠೀರವಕ್ಕೆ ಬಂದಿಲ್ಲ. ಎಂಬತ್ತರ ದಶಕದಲ್ಲಿ ಭಾರತ ತಂಡಕ್ಕೆ ಆಡಿದ ಚಿತ್ರಾ ಗಂಗಾಧರನ್ ಇದೇ ಬೆಂಗಳೂರಿನವರು, ಹಾಗಾಗಿ ಈ ಊರಿಗೆ ಹೆಣ್ಣುಮಕ್ಕಳ ಫುಟ್ಬಾಲ್ ಹೊಸದು ಅನ್ನೋ ನೆಪವೂ ಇಲ್ಲ.

ನಮ್ಮ ಪೇಟೆಯಲ್ಲಿ ಟ್ರೋಫಿ, ಮೆಡಲ್, ಶೀಲ್ಡ್ ಮಾರೋ ಒಂದು ಅಂಗಡಿ ಇದೆ. ಆಫೀಸಿನ ಸ್ಪೋರ್ಟ್ಸ್ ಡೇಗೆ ಕಪ್ ತರೋ ಕೆಲಸ ನನ್ನ ತಲೆಗೆ ಬಿದ್ದಿತ್ತು, ಮನೆ ಹತ್ತಿರ ಅಂತ. ಗಂಡಸರ ಕ್ರಿಕೆಟ್‌ಗೆ ಒಂದು, ಹೆಂಗಸರ ಥ್ರೋಬಾಲ್‌ಗೆ ಒಂದು. ಅಂಗಡಿಯವರು ಕೇಳಿದರು: "ಲೇಡೀಸ್‌ಗೆ ಒಂದ್ ಸೈಜ್ ಚಿಕ್ದು ಕೊಡ್ಲಾ ಸಾರ್?"

"ಯಾಕಣ್ಣಾ?"

"ಎಲ್ರೂ ಹಂಗೇ ತಗೊಂಡ್ ಹೋಗೋದು. ಬಜೆಟ್ಟು."

ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಅವರು ಗಿರಾಕಿಗಳ ಅಭ್ಯಾಸ ಹೇಳಿದರು, ಗಿರಾಕಿಗಳು ಅಂದ್ರೆ ನಾವೇ, ಎಚ್.ಆರ್. ಇಲಾಖೆಯಲ್ಲಿ ವಿಮೆನ್ಸ್ ಡೇ ಆಚರಿಸೋ ಕಂಪನಿಗಳವರು. ಎರಡನ್ನೂ ಒಂದೇ ಸೈಜ್ ತಂದೆ, ಯಾರೂ ಗಮನಿಸಲಿಲ್ಲ. ಚಿಕ್ಕದು ತಂದಿದ್ದರೂ ಯಾರೂ ಗಮನಿಸ್ತಿರಲಿಲ್ಲ ಅನ್ನೋದೇ ಯೋಚಿಸಬೇಕಾದ ವಿಷಯ. ಹುಡುಗಿಯರ ಆಟಕ್ಕೆ ಆಗೋ ಅನ್ಯಾಯ ಬಹುಪಾಲು ಹೀಗೇ ಇರತ್ತೆ. ದ್ವೇಷ ಇರಲ್ಲ, ಯಾರೂ ಬೈಯಲ್ಲ. ಶಾಸ್ತ್ರಕ್ಕೆ ನಡೆಸ್ತಾರೆ. ಶಾಸ್ತ್ರಕ್ಕೆ ನಡೆಯೋ ಪಂದ್ಯದಲ್ಲಿ ನಿಯಮದ ಪುಸ್ತಕ ತೆಗೆದು ನೋಡೋ ತಾಳ್ಮೆ ಯಾರಿಗಿರತ್ತೆ?

ನೋಡುವ ನಾವೂ ಶಾಸ್ತ್ರಕ್ಕೇ ನೋಡ್ತೀವಿ. ಗೆದ್ದರೆ 'ನಾರಿಶಕ್ತಿ' ಅಂತ ಒಂದು ಪೋಸ್ಟ್, ಸೋತರೆ 'ಆಡ್ತಿದ್ದಾರಲ್ಲ, ಅದೇ ದೊಡ್ಡದು' ಅಂತ ಒಂದು ಪೋಸ್ಟ್. ಎರಡರಲ್ಲೂ ಫುಟ್ಬಾಲ್ ಇರಲ್ಲ. ಢಾಕಾ ಫೈನಲ್ ಬಗ್ಗೆ ಕೇಳಬೇಕಾಗಿದ್ದ ಒಂದು ಪ್ರಶ್ನೆ ಇಲ್ಲಿದೆ. ನಾಲ್ಕು ದಿನ ಮುಂಚೆ, ಫೆಬ್ರವರಿ 4ರಂದು, ಲೀಗ್ ಪಂದ್ಯದಲ್ಲಿ ಬಾಂಗ್ಲಾ ಭಾರತವನ್ನ 1-0ಗೆ ಸೋಲಿಸಿತ್ತು. ಆ ಒಂದು ಗೋಲು ಹೊಡೆದವಳೂ ಇದೇ ಸಾಗರಿಕಾ. ಫೈನಲ್‌ನಲ್ಲಿ ಎಂಬತ್ತಕ್ಕೂ ಹೆಚ್ಚು ನಿಮಿಷ ಮುನ್ನಡೆ ಕೈಯಲ್ಲಿತ್ತು. ಯಾರಿಂದ ಅಪಾಯ ಅಂತ ಗೊತ್ತಿತ್ತು. ಕೊನೆಯ ನಿಮಿಷಗಳಲ್ಲಿ ಅದೇ ಹುಡುಗಿಗೆ ಗೋಲು ಹೊಡೆಯೋ ಜಾಗ ಹೇಗೆ ಸಿಕ್ಕಿತು? ಎರಡನೇ ಗೋಲಿಗೆ ಹೋಗಬೇಕಿತ್ತಾ, ಒಂದನ್ನೇ ಕಾಯಬೇಕಿತ್ತಾ? ಇದೇ ಪಂದ್ಯ ಗಂಡಸರದ್ದಾಗಿದ್ದರೆ ಕೋಚ್‌ನಿಂದ ಹಿಡಿದು ಡಿಫೆಂಡರ್‌ವರೆಗೆ ಎಲ್ಲರನ್ನೂ ನಾವು ಟೀ ಅಂಗಡಿಯಲ್ಲೇ ವಿಚಾರಣೆಗೆ ನಿಲ್ಲಿಸ್ತಿದ್ದೆವು. ಹುಡುಗಿಯರಿಗೆ ಆ ಮರ್ಯಾದೆ ಸಿಗಲಿಲ್ಲ. ಹೌದು, ಬೈಗುಳವೂ ಒಂದು ಮರ್ಯಾದೆಯೇ, ಆಟ ನೋಡಿ ಬೈದರೆ. ಆ ಪ್ರಶ್ನೆಗಳನ್ನೆಲ್ಲ ನಾಣ್ಯ ನುಂಗಿಹಾಕಿತು. ಸಾಗರಿಕಾಳ ಎರಡು ಗೋಲುಗಳನ್ನೂ ನುಂಗಿತು, ಶಿಬಾನಿಯದ್ದನ್ನೂ ನುಂಗಿತು.

ಹಾಗಾದ್ರೆ ಏನು ಮಾಡಬೇಕು? ದೊಡ್ಡ ಕ್ರಾಂತಿ ಏನೂ ಬೇಡ. ಟೂರ್ನಿಗೆ ಒಂದೇ ಹೆಸರು, ಪ್ರತಿ ವರ್ಷ ಗೊತ್ತಿರೋ ತಿಂಗಳು. ಕಮಿಷನರ್ ಕೈಗೆ ನಿಯಮದ ಪುಸ್ತಕ, ರೆಫರಿಯ ಮಾತಿಗೆ ಬೆಲೆ. ಒಂದು ಸಲ ಕಂಠೀರವದಲ್ಲಿ ನಡೆಸಲಿ, ಶಾಲೆ ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಬರಲಿ, ನನ್ನಂಥವರು ಟಿಕೆಟ್ ತಗೊಂಡು ಹೋಗ್ತೀವಿ. ಮತ್ತೆ ಕೊನೆಯ ಬಸ್ಸಿನ ಚಿಂತೆ ಇದ್ದರೆ ಹುಡುಗಿಯರ ಪಂದ್ಯವನ್ನ ಬೆಳಿಗ್ಗೆ ಇಡಲಿ. ಆಕಾಶ ನೋಡೋ ಕೆಲಸ ಬೇಕಿದ್ದರೆ ಹುಡುಗರ ಪಂದ್ಯಕ್ಕೂ ಸ್ವಲ್ಪ ಬರಲಿ.

2025ರ ಆಗಸ್ಟಿನಲ್ಲಿ ಥಿಂಪುವಿನಲ್ಲಿ ಅಂಡರ್ 17 ನಡೆಯಿತು. ನಾಲ್ಕು ತಂಡ, ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ, ಫೈನಲ್ಲೇ ಇಲ್ಲ. ಭಾರತ ಒಂದು ಪಂದ್ಯ ಬಾಕಿ ಇರುವಾಗಲೇ ಚಾಂಪಿಯನ್ ಆಗಿತ್ತು. ಬಾಕಿ ಉಳಿದಿದ್ದು ಬಾಂಗ್ಲಾ ಜೊತೆಗಿನ ಪಂದ್ಯ, ಕಪ್ ಬದಲಾಗಲ್ಲ ಅಂತ ಇಬ್ಬರಿಗೂ ಗೊತ್ತು. ಆದರೂ ಆ ಹುಡುಗಿಯರು ಏಳು ಗೋಲು ಹೊಡೆದರು. ಬಾಂಗ್ಲಾ 4, ಭಾರತ 3. ಟಾಸ್ ಇಲ್ಲ, ಬಾಟಲಿ ಇಲ್ಲ, ಜಗಳ ಇಲ್ಲ, ಬರೀ ಆಟ.

ಆ ಪಂದ್ಯದ ಒಂದೇ ಒಂದು ಗೋಲಿನ ಕ್ಲಿಪ್ ನಿಮ್ಮ ಆಫೀಸ್ ಗ್ರೂಪಿಗೆ ಬಂದಿತ್ತಾ? ನಮ್ಮದಕ್ಕಂತೂ ಬರಲಿಲ್ಲ.